ತುತ್ತಿನ ಸತ್ವ: ತಾಯಿಯ ತಟ್ಟೆಯಿಂದ ಮಕ್ಕಳ ಮುಪ್ಪಿನವರೆಗೆ



ಆಹಾರ ಮತ್ತು ಆರೋಗ್ಯದ ಬಗ್ಗೆ ಪ್ರತಿವರ್ಷ ಒಂದು ಉಪನ್ಯಾಸ ನಡೆಯಬೇಕು, ಅದು ಕನ್ನಡದಲ್ಲೇ ಇರಬೇಕು, ವಿಜ್ಞಾನ ಓದದವರಿಗೂ ತಿಳಿಯುವಂತಿರಬೇಕು ಎಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಆಶಯ. ಇಂಥ ಆಶಯ ಇಟ್ಟುಕೊಂಡು ದುಡಿಮೆಯ ಹಣವನ್ನು ಸಮಾಜಕ್ಕೆ ಬಿಟ್ಟುಕೊಟ್ಟವರಿಗೆ ನನ್ನ ಗೌರವಪೂರ್ವಕ ವಂದನೆಗಳು. ಆಹಾರ ವಿಜ್ಞಾನವನ್ನು ಪಾಠ ಹೇಳುತ್ತಾ ಬಂದ ನನಗೆ ಈ ವೇದಿಕೆ ಸಿಕ್ಕಿರುವುದು ಭಾಗ್ಯವೆಂದೇ ತಿಳಿಯುತ್ತೇನೆ.

ಇಂದು ನಾನು ಹೇಳಬೇಕೆಂದಿರುವುದು ಒಂದೇ ವಿಚಾರ. ಹೊಟ್ಟೆ ತುಂಬಿತೇ ಎಂದು ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಆ ತುಂಬಿದ ಹೊಟ್ಟೆಯೊಳಗೆ ಸತ್ವ ಎಷ್ಟು ಹೋಯಿತು ಎಂದು ಕೇಳುವುದನ್ನೂ ಇನ್ನು ಮುಂದೆ ಕಲಿಯಬೇಕು. ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಬೇಕಾಗಿರುವುದು ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಗಳ ತಟ್ಟೆಯ ಬಗ್ಗೆ. ಹಾಗೇಕೆ ಎಂಬುದನ್ನು ವಿವರಿಸಲು ಅಂಕಿಅಂಶಗಳನ್ನೂ, ನಮ್ಮ ಮೈಸೂರಿನದೇ ಒಂದು ಆಸ್ಪತ್ರೆಯ ದಾಖಲೆಗಳ ಕತೆಯನ್ನೂ, ನಮ್ಮ ಅಡುಗೆಮನೆಯ ಕೆಲವು ಪದ್ಧತಿಗಳನ್ನೂ ನಿಮ್ಮ ಮುಂದಿಡುತ್ತೇನೆ.

ಸತ್ವದ ಲೆಕ್ಕ

ಆಹಾರದಿಂದ ದೇಹಕ್ಕೆ ಎರಡು ಬಗೆಯ ಲಾಭವಿದೆ. ಒಂದು ಶಕ್ತಿ, ಅದನ್ನು ಕ್ಯಾಲೊರಿಯಲ್ಲಿ ಅಳೆಯುತ್ತೇವೆ. ಇನ್ನೊಂದು ಪೋಷಕಾಂಶ, ಅಂದರೆ ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ, ಸತು, ಫೋಲೇಟು, ಬಗೆಬಗೆಯ ವಿಟಮಿನ್ನುಗಳು. ಇಷ್ಟು ಕ್ಯಾಲೊರಿಯ ಜೊತೆಗೆ ಎಷ್ಟು ಪೋಷಕಾಂಶ ಬಂತು ಎಂಬ ಲೆಕ್ಕವನ್ನೇ ಪೋಷಕಾಂಶ ಸಾಂದ್ರತೆ ಎನ್ನುತ್ತೇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕ ನಮ್ಮೆಲ್ಲರಿಗೂ ಆಧಾರ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ನಾರಿನಂಶ 11 ಗ್ರಾಂ. ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಎರಡೂ ಕೊಡುವ ಶಕ್ತಿ ಮಾತ್ರ ಹೆಚ್ಚುಕಡಿಮೆ ಒಂದೇ. ನೂರು ಕ್ಯಾಲೊರಿಯ ಲೆಕ್ಕದಲ್ಲಿ ನೋಡಿದರೆ ರಾಗಿಯಿಂದ 110 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಬರುತ್ತದೆ, ಅಕ್ಕಿಯಿಂದ ಎರಡು ಮಿಲಿಗ್ರಾಂ. ಹರಿವೆ ಸೊಪ್ಪಿನ ಲೆಕ್ಕವಂತೂ ಬೆರಗು ಹುಟ್ಟಿಸುತ್ತದೆ. 100 ಗ್ರಾಂ ಸೊಪ್ಪಿನಲ್ಲಿ 30 ಕ್ಯಾಲೊರಿಯ ಆಸುಪಾಸು ಶಕ್ತಿ, ಆದರೆ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ, ನಾಲ್ಕು ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ. ಹುರಳಿಕಾಳಿನಲ್ಲಿ ನೂರಕ್ಕೆ 22ರಷ್ಟು ಪ್ರೋಟೀನು. ಎಳ್ಳಿನಲ್ಲಿ 1000 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ಸಕ್ಕರೆಯಲ್ಲಿ 400 ಕ್ಯಾಲೊರಿ ಇದ್ದರೂ ಹೇಳಿಕೊಳ್ಳುವಂಥ ಪೋಷಕಾಂಶ ಒಂದೂ ಇಲ್ಲ.

ಈ ಲೆಕ್ಕ ಎಲ್ಲರಿಗೂ ಬೇಕು, ಕೆಲವರಿಗೆ ಇನ್ನೂ ಹೆಚ್ಚಾಗಿ ಬೇಕು. ವಯಸ್ಸಾದಂತೆ ಓಡಾಟ ಕಡಿಮೆಯಾಗಿ ಕ್ಯಾಲೊರಿಯ ಅಗತ್ಯ ಇಳಿಯುತ್ತದೆ, ಆದರೆ ಮೂಳೆಗೂ ಸ್ನಾಯುವಿಗೂ ಬೇಕಾದ ಕ್ಯಾಲ್ಸಿಯಂ, ಪ್ರೋಟೀನುಗಳ ಅಗತ್ಯ ಇಳಿಯುವುದಿಲ್ಲ. ಕಡಿಮೆ ಊಟದಲ್ಲೇ ಅಷ್ಟೂ ಸತ್ವ ಸಿಗಬೇಕು. ಬಸುರಿಯ ವಿಷಯ ಇನ್ನೂ ಸ್ಪಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ. ಎಂದಿನ ಊಟದ ಐದರಲ್ಲೊಂದು ಪಾಲಿನಷ್ಟು. ಫೋಲೇಟಿನ ಅಗತ್ಯವಾದರೋ 220 ಮೈಕ್ರೋಗ್ರಾಂನಿಂದ 570ಕ್ಕೆ ಏರುತ್ತದೆ, ಎರಡೂವರೆ ಪಟ್ಟು. ಎರಡು ಜೀವಕ್ಕೆ ಊಟ ಮಾಡು ಎಂದು ನಮ್ಮ ಮನೆಗಳಲ್ಲಿ ಅಕ್ಕರೆಯಿಂದ ಹೇಳುತ್ತಾರೆ. ತಟ್ಟೆಗೆ ಇನ್ನೊಂದು ಸೌಟು ಅನ್ನ ಬಿದ್ದರೆ ಆ ಮಾತು ನೆರವೇರುವುದಿಲ್ಲ. ಸೊಪ್ಪು, ಕಾಳು, ಹಾಲು, ಮೊಟ್ಟೆ, ಹಣ್ಣು ಬಿದ್ದರೆ ನೆರವೇರುತ್ತದೆ.

ತೌಡು ಕಲಿಸಿದ ಪಾಠ

ಹೊಟ್ಟೆ ತುಂಬಿಯೂ ದೇಹ ಸೊರಗಬಹುದು ಎಂಬುದು ವಿಜ್ಞಾನಕ್ಕೆ ತಿಳಿದದ್ದು ಅಕ್ಕಿಯ ಮೂಲಕವೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಷ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡಿನ ಸಮೇತ ಅಕ್ಕಿ ಹಾಕಿದರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಬೆರಿಬೆರಿ ಎಂಬ ಮಾರಕ ರೋಗದ ಗುಟ್ಟು ಅಲ್ಲಿತ್ತು. ಗಿರಣಿಯಲ್ಲಿ ಉಜ್ಜಿ ಹೊರಗೆ ಬಿಸಾಡುತ್ತಿದ್ದ ಆ ತೌಡಿನಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್ ಇತ್ತು. 1929ರಲ್ಲಿ ಐಕ್‌ಮನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯ ಪ್ರಯೋಗಾಲಯವೊಂದನ್ನು ತೆರೆದದ್ದು ಇದೇ ಬೆರಿಬೆರಿಯ ತನಿಖೆಗಾಗಿ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ನಾನು ಆಗಲೇ ಹೆಸರಿಸಿದ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತದ ಬೇರೆಬೇರೆ ಪ್ರಾಂತ್ಯಗಳ ಜನ ಉಣ್ಣುವ ಊಟವನ್ನೇ ಮೆಕ್ಯಾರಿಸನ್ ಇಲಿಗಳಿಗೆ ಕೊಟ್ಟು ಬೆಳವಣಿಗೆ ನೋಡಿದರು. ಇಡೀ ಗೋಧಿಯ ರೊಟ್ಟಿ, ಬೇಳೆಕಾಳು, ಹಾಲು, ತರಕಾರಿಯ ಊಟ ತಿಂದ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಅಕ್ಕಿಯೇ ಪ್ರಧಾನವಾಗಿ, ಹಾಲು ಸೊಪ್ಪು ಕಾಳು ಅತ್ಯಲ್ಪವಾಗಿದ್ದ ಮದರಾಸು ಪ್ರಾಂತ್ಯದ ಬಡವರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಕಳಪೆಯಾಗಿ ಬೆಳೆದವು. ಅಕ್ಕಿ ವಿಷವೆಂದು ಇದರ ಅರ್ಥವಲ್ಲ. ಉಳಿದದ್ದೆಲ್ಲವನ್ನೂ ತಟ್ಟೆಯಿಂದ ದೂಡಿ ಅಕ್ಕಿಯೊಂದೇ ಕುಳಿತಾಗ ಊಟ ಬಡವಾಗುತ್ತದೆ.

ರಾಗಿಯ ವಿಷಯದಲ್ಲಿ ಒಂದು ಅನುಕೂಲವಿದೆ. ಕಾಳು ಎಷ್ಟು ಚಿಕ್ಕದೆಂದರೆ ಅದರ ಸಿಪ್ಪೆ ತೆಗೆಯುವುದೇ ಕಷ್ಟ. ಇಡೀ ಕಾಳನ್ನೇ ಬೀಸುವುದರಿಂದ ಹೊರಪದರದ ಸತ್ವವೆಲ್ಲ ಹಿಟ್ಟಿನಲ್ಲೇ ಉಳಿಯುತ್ತದೆ. ಹಳೇ ಮೈಸೂರಿನ ದುಡಿಯುವ ಜನರ ಮುದ್ದೆ ಹೀಗೆ ತಲೆಮಾರುಗಳನ್ನು ಕಾಯ್ದಿದೆ. ಆ ಬೆಳೆ ಉಳಿದು ಬೆಳೆದದ್ದರ ಹಿಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರ ಶ್ರಮವಿದೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಅವರು ರೂಪಿಸಿದ ಇಂಡಾಫ್ ತಳಿಗಳು ರೈತನ ಇಳುವರಿಯನ್ನು ಮೇಲೆತ್ತಿದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅವರನ್ನು ಇಂಥ ವೇದಿಕೆಯಲ್ಲಿ ನೆನೆಯುವುದು ನಮ್ಮ ಕರ್ತವ್ಯ.

ಮಂಡಿ ಮೊಹಲ್ಲಾದ ದಾಖಲೆಗಳು

ಈಗ ನಮ್ಮೂರಿನ ಕತೆಗೆ ಬರುತ್ತೇನೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ನಿಮಗೆಲ್ಲ ಗೊತ್ತು. ನಾವು ಮಿಷನ್ ಆಸ್ಪತ್ರೆ ಎನ್ನುತ್ತೇವೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿ ಇತ್ತು. ತಾಯಂದಿರ ತೂಕವೂ ದಾಖಲೆಯಲ್ಲಿತ್ತು. ಬರೆದಿಟ್ಟ ದಾದಿಯರಿಗೆ ಆ ಪುಸ್ತಕಗಳು ಒಂದು ದಿನ ಜಗತ್ತಿನ ವೈದ್ಯಶಾಸ್ತ್ರಕ್ಕೆ ಬೇಕಾಗುತ್ತವೆಂಬ ಕಲ್ಪನೆ ಇದ್ದಿರಲಾರದು.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವಿಜ್ಞಾನಿ, ಗರ್ಭದಲ್ಲಿ ಪೋಷಣೆ ಸಾಲದೆ ಸಣ್ಣದಾಗಿ ಹುಟ್ಟಿದ ಮಕ್ಕಳಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚು ಎಂಬ ವಿಚಾರವನ್ನು ಅಲ್ಲಿನ ಹಳೆಯ ದಾಖಲೆಗಳಿಂದ ಮಂಡಿಸಿದ್ದರು. ಭಾರತದಲ್ಲೂ ಹೀಗಿದೆಯೇ ಎಂದು ನೋಡಲು ಅವರ ತಂಡ, ಕ್ಯಾರೊಲಿನ್ ಫಾಲ್ ಮುಂತಾದವರು, ಮೈಸೂರಿನ ವೈದ್ಯರ ಜೊತೆಗೂಡಿ ಈ ದಾಖಲೆಗಳನ್ನು ತೆರೆದರು. 1934ರಿಂದ 1954ರ ನಡುವೆ ಇಲ್ಲಿ ಹುಟ್ಟಿ, ಇನ್ನೂ ಇದೇ ಊರಿನ ಸುತ್ತ ಬಾಳುತ್ತಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. 45 ವರ್ಷ ದಾಟಿದವರಲ್ಲಿ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯೂ ಕಡಿಮೆ ತೂಕದವಳಾಗಿದ್ದು ಮಗುವೂ ಸಣ್ಣದಾಗಿದ್ದ ಕಡೆ ರೋಗ ಇನ್ನೂ ಹೆಚ್ಚು.

ಒಂದು ಕ್ಷಣ ಇದನ್ನು ಯೋಚಿಸಿ. 1940ರಲ್ಲಿ ಒಬ್ಬ ಬಸುರಿ ಏನು ಉಂಡಳು, ಎಷ್ಟು ದುಡಿದಳು ಎಂಬುದರ ಗುರುತು 1990ರಲ್ಲಿ ಅವಳ ಮಗನ ಹೃದಯದಲ್ಲಿ ಕಾಣಿಸುತ್ತದೆ. ದೀರ್ಘಕಾಲದ ಆರೋಗ್ಯ ಎಂದರೆ ಇಷ್ಟು ದೀರ್ಘ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಜನರಲ್ಲಿ ಸಕ್ಕರೆ ಕಾಯಿಲೆಯನ್ನು ನೋಡಿದಾಗ ಬೇರೆಯೇ ಚಿತ್ರ ಬಂತು. ಹುಟ್ಟಿದಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ಹೆಚ್ಚು ತೂಗಿದವರಲ್ಲಿ, ತಾಯಿ ಭಾರವಾಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತು. ಹಾಗಾದರೆ ತೂಕ ಹೆಚ್ಚಿಸಿದರೆ ಸಾಕು ಎನ್ನುವಂತಿಲ್ಲ. ಮುಂದೆ ಇದೇ ಆಸ್ಪತ್ರೆಯಲ್ಲಿ 1997ರ ಸುಮಾರಿಗೆ ಆರಂಭವಾದ ಅಧ್ಯಯನದಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಬಿ12 ವಿಟಮಿನ್ ಕೊರತೆ ಇತ್ತು. ಆ ಕೊರತೆ ಇದ್ದವರೇ ಸರಾಸರಿಯಲ್ಲಿ ಹೆಚ್ಚು ತೂಗುತ್ತಿದ್ದರು. ಗರ್ಭಕಾಲದ ಸಕ್ಕರೆ ಕಾಯಿಲೆಯೂ ಅವರಲ್ಲೇ ಹೆಚ್ಚು. ಮೈ ತುಂಬಿದೆ, ಸತ್ವ ಬರಿದಾಗಿದೆ. ಇನ್ನೊಂದು ಕಡೆ, ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟು ಚೆನ್ನಾಗಿದ್ದ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಕಲಿಕೆ, ನೆನಪುಗಳ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು.

ಇವೆಲ್ಲ ಸಂಬಂಧವನ್ನು ತೋರಿಸುವ ಅಧ್ಯಯನಗಳು. ಊಟ ಬದಲಿಸಿದರೆ ಫಲ ಬದಲಾಗುತ್ತದೆಯೇ? ಮುಂಬೈಯ ಕೊಳೆಗೇರಿಗಳ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಗರ್ಭ ಧರಿಸುವ ಮೊದಲಿನಿಂದಲೇ ದಿನವೂ ಸೊಪ್ಪು, ಹಣ್ಣು, ಹಾಲಿನಿಂದ ಮಾಡಿದ ತಿಂಡಿ. ಇನ್ನೊಂದಕ್ಕೆ ಸತ್ವ ಕಡಿಮೆಯ ತರಕಾರಿ ತಿಂಡಿ. ಒಟ್ಟಾರೆ ಮಕ್ಕಳ ಜನನ ತೂಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ಗರ್ಭಕಾಲದ ಸಕ್ಕರೆ ಕಾಯಿಲೆ ಎರಡನೆಯ ಗುಂಪಿನಲ್ಲಿ ನೂರಕ್ಕೆ 12ರಷ್ಟಿದ್ದರೆ ಮೊದಲ ಗುಂಪಿನಲ್ಲಿ 7ರಷ್ಟಿತ್ತು. ಮಾತ್ರೆಯಲ್ಲ, ಔಷಧವಲ್ಲ, ಸೊಪ್ಪು ಹಣ್ಣು ಹಾಲಿನ ಒಂದು ತಿಂಡಿ ಮಾಡಿದ ಕೆಲಸ ಇದು.

ತುಂಬಿದ ಹೊಟ್ಟೆಯ ಹಸಿವು

ಇಂದಿನ ಕರ್ನಾಟಕ ಎಲ್ಲಿದೆ? 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ. ಅದೇ ಸಮೀಕ್ಷೆ ಶೇ. 30ರಷ್ಟು ಮಹಿಳೆಯರು ಅಧಿಕ ತೂಕದವರೆಂದೂ ಹೇಳುತ್ತದೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 23 ಇತ್ತು. ರಕ್ತಹೀನತೆ, ಅಧಿಕ ತೂಕ ಎರಡೂ ಒಟ್ಟೊಟ್ಟಿಗೆ ಏರಿವೆ. ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ದೇಹದಲ್ಲಿ ಬೊಜ್ಜೂ ರಕ್ತಹೀನತೆಯೂ ಸೇರಿಕೊಂಡಿವೆ.

ಪಡಿತರದ ಅಕ್ಕಿ ಬಡವರ ಮನೆಯ ಹಸಿವನ್ನು ನೀಗಿಸಿದೆ, ಅದರ ಉಪಕಾರವನ್ನು ನಾವು ಎಂದೂ ಕಡೆಗಣಿಸಬಾರದು. ಅಕ್ಕಿಯ ಮೇಲೆ ಸೊಪ್ಪು, ಕಾಳು, ಹಾಲು ಬಂದಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಬಂದದ್ದು ಬಿಸ್ಕತ್ತು, ಬನ್ನು, ಕುರುಕಲು ಪೊಟ್ಟಣ, ಸಕ್ಕರೆ ನೀರಿನ ಬಾಟಲಿ. ಹಳ್ಳಿಯ ಪೆಟ್ಟಿಗೆ ಅಂಗಡಿಯ ಬಾಗಿಲಲ್ಲಿ ಐದು ರೂಪಾಯಿಯ ಪೊಟ್ಟಣಗಳು ತೋರಣದಂತೆ ತೂಗುತ್ತವೆ. ಸೊಪ್ಪಿನ ಕಟ್ಟು ಬೇಕಾದರೆ ಸಂತೆಗೆ ಹೋಗಬೇಕು. ಆಯ್ಕೆ ಮಾಡಿಕೊಳ್ಳಿ ಎಂದು ಜನಕ್ಕೆ ಬುದ್ಧಿ ಹೇಳುವ ಮೊದಲು, ಆಯ್ದುಕೊಳ್ಳಲು ಅವರ ಕೈಗೆಟಕುವಂತೆ ಏನಿದೆ ಎಂದು ನೋಡಬೇಕು.

ಅಡುಗೆಮನೆಯ ಜಾಣ್ಮೆ

ನಮ್ಮ ಬಳಿ ಉಪಾಯವಿಲ್ಲದೆ ಇಲ್ಲ. ಬಸ್ಸಾರನ್ನೇ ನೋಡಿ. ಹುರಳಿಯೋ ಅಲಸಂದೆಯೋ ಹೆಸರುಕಾಳೋ ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟು, ಹರಿವೆ, ಸಬ್ಬಸಿಗೆಯಂಥ ಸೊಪ್ಪನ್ನು ಹಾಕಿ ಕುದಿ ಬರಿಸುತ್ತಾರೆ. ಬೆಂದ ನೀರನ್ನು, ಅಂದರೆ ಕಟ್ಟನ್ನು, ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಒಂದು ಹಿಡಿ ಬೆಂದ ಸೊಪ್ಪುಕಾಳಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣು ಸೇರಿಸಿ ರುಬ್ಬಿ ಆ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಫೋಲೇಟಿನಂಥ ವಿಟಮಿನ್ನುಗಳು ಬೇಯುವ ನೀರಿಗೆ ಇಳಿದುಬಿಡುತ್ತವೆ. ಆ ನೀರನ್ನು ಚೆಲ್ಲಿದರೆ ಅವೂ ಹೋದವು. ಇಲ್ಲಿ ಒಂದು ಹನಿಯೂ ಚರಂಡಿಗೆ ಹೋಗುವುದಿಲ್ಲ. ಇದರ ಜೊತೆಗೆ ಮುದ್ದೆ ಇದ್ದರೆ ಪ್ರೋಟೀನಿನ ಲೆಕ್ಕವೂ ಸರಿಹೋಗುತ್ತದೆ. ರಾಗಿಯಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮಿಥಿಯೊನೀನ್ ರಾಗಿಯಲ್ಲಿದೆ.

ಇನ್ನೊಂದು, ಮೊಳಕೆ ರಾಗಿ. ರಾಗಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿಯ ಮೊಳಕೆ ಇಣುಕುತ್ತದೆ. ಒಣಗಿಸಿ, ಹದವಾಗಿ ಹುರಿದು, ಉಜ್ಜಿ ಮೊಳಕೆ ಉದುರಿಸಿ ಬೀಸುತ್ತಾರೆ. ಹೀಗೆ ಮಾಡಿದಾಗ ಎರಡು ಲಾಭ. ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುವ ಫೈಟೇಟು ತಗ್ಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಮಾಮೂಲಿ ಹಿಟ್ಟಿನ ಗಂಜಿ ಮಗು ಕುಡಿಯುವಷ್ಟು ತೆಳ್ಳಗಾಗಬೇಕಾದರೆ ನೀರೇ ಹೆಚ್ಚು, ಹಿಟ್ಟು ಕಡಿಮೆ. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಆರೇಳು ತಿಂಗಳ ಮಗುವಿನ ಹೊಟ್ಟೆ ಎಷ್ಟು ಪುಟ್ಟದು! ಅಲ್ಲಿಗೆ ಹೋಗುವ ಒಂದೊಂದು ಚಮಚವೂ ಸತ್ವಯುತವಾಗಿರಬೇಕು.

ಮೂರನೆಯದು ಇನ್ನೂ ಸುಲಭ. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಅದರ ಜೊತೆ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಉಣ್ಣುವಾಗ ಹಿಂಡಿದ ನಿಂಬೆಹಣ್ಣು, ಊಟದ ಜೊತೆಗೊಂದು ಸೀಬೆಹಣ್ಣು, ನೆಲ್ಲಿಕಾಯಿ ಇದ್ದರಾಯಿತು. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಇದಕ್ಕೆ ತದ್ವಿರುದ್ಧ. ಅದನ್ನು ಒಂದು ಗಂಟೆ ತಡಮಾಡಿ.

ಎಚ್ಚರಿಕೆಯ ಕೆಲವು ಮಾತು

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರಾಗಿ, ನವಣೆ, ಸಾಮೆಗಳಿಗೆ ಮರ್ಯಾದೆ ಮರಳಿದ್ದು ಸಂತೋಷ. ಆದರೆ ಅವನ್ನು ಸರ್ವರೋಗ ನಿವಾರಕವೆಂದು ಮಾರುವುದು ತಪ್ಪು. ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿದ ರಾಗಿ ಗಂಜಿ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಮೈದಾ, ಸಕ್ಕರೆ, ವನಸ್ಪತಿಗಳ ನಡುವೆ ಒಂದಿಷ್ಟು ರಾಗಿ ಉದುರಿಸಿದ ಬಿಸ್ಕತ್ತು ಬಿಸ್ಕತ್ತೇ. ಪೊಟ್ಟಣದ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಪಟ್ಟಿ ಓದಿ. ಮೊದಲು ಯಾವುದರ ಹೆಸರಿದೆಯೋ ಅದೇ ಹೆಚ್ಚು ಇರುತ್ತದೆ.

ಬಿ12 ವಿಟಮಿನ್ ಸೊಪ್ಪಿನಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಅದು ಬರಬೇಕು. ಸಸ್ಯಾಹಾರಿಗಳು ಹಾಲು ಮೊಸರನ್ನು ದಿನವೂ ತೆಗೆದುಕೊಳ್ಳಬೇಕು. ಕೊರತೆ ಇದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ನುಂಗಬೇಕು. ಗರ್ಭಿಣಿಯರು ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆಗಳನ್ನು ಖಂಡಿತ ಬಿಡಬಾರದು. ಒಳ್ಳೆಯ ಊಟ ಮಾತ್ರೆಯ ವೈರಿಯಲ್ಲ. ಮೊಟ್ಟೆ, ಮೀನು ತಿನ್ನುವ ಮನೆಗಳ ಮಕ್ಕಳಿಗೆ ಮೊಟ್ಟೆ ಶಾಲೆಯಲ್ಲೂ ಅಂಗನವಾಡಿಯಲ್ಲೂ ಸಿಗಲಿ. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಉತ್ತಮ ಪ್ರೋಟೀನು, ಅದರ ಜೊತೆಗೆ ಬಿ12 ಇರುವಾಗ, ಅದನ್ನು ಕೊಡಬೇಕೇ ಬೇಡವೇ ಎಂದು ಮಗುವಿನ ತಟ್ಟೆಯ ಮೇಲೆ ನಡೆಯುವ ವಾಗ್ವಾದ ನನಗೆ ನೋವು ತರುತ್ತದೆ.

ಯಾರಿಗೆ ಮೊದಲು ಬಡಿಸಬೇಕು

2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟ: ಅನ್ನ ಸಾರು, ಸೊಪ್ಪು ತರಕಾರಿ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟ ಆಹಾರ ಮನೆಮಂದಿಗೆಲ್ಲ ಹಂಚಿಹೋಗಿ ತಾಯಿಗೆ ಉಳಿಯುವುದು ಕಡಿಮೆ ಎಂಬ ಅನುಭವದಿಂದ, ಅವಳನ್ನೇ ಕೂರಿಸಿ ಬಡಿಸೋಣ ಎಂಬ ವಿಚಾರ ಹುಟ್ಟಿತು. ಮಲೆನಾಡಿನ ಚದುರಿದ ಮನೆಗಳಿಂದ, ಕೂಲಿಯ ಹೊತ್ತಿನಲ್ಲಿ, ತುಂಬು ಬಸುರಿ ದಿನವೂ ನಡೆದು ಬರುವುದು ಕಷ್ಟ. ಆ ಕಷ್ಟವನ್ನು ಸ್ಥಳೀಯವಾಗಿ ಪರಿಹರಿಸಿ ಯೋಜನೆಯನ್ನು ಗಟ್ಟಿಮಾಡಬೇಕು, ಕೈಬಿಡಬಾರದು. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ, ಉತ್ತರದ ಜಿಲ್ಲೆಗಳಲ್ಲಿ ಜೋಳ, ಎಲ್ಲ ಕಡೆ ಬೇಳೆಕಾಳು ನಿಯಮಿತವಾಗಿ ಸಿಗುವಂತಾಗಬೇಕು. ಪ್ರತಿ ಅಂಗನವಾಡಿಯ ಹಿತ್ತಲಲ್ಲಿ ಒಂದು ನುಗ್ಗೆಮರ, ಒಂದು ಸೊಪ್ಪಿನ ಮಡಿ ಇರಬೇಕು. ಇದಕ್ಕೆ ಬೇಕಾದದ್ದು ಕೋಟಿಗಳಲ್ಲ, ನೀರು ಮತ್ತು ಮನಸ್ಸು.

ಸರ್ಕಾರ ಮಾಡಬೇಕಾದ್ದು ಅದು. ಮನೆಯಲ್ಲಿ ಮಾಡಬೇಕಾದ್ದು ನಮ್ಮ ಕೈಯಲ್ಲಿದೆ. ಗಂಡಸರು, ಮಕ್ಕಳು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವುದು ಅನ್ನ ಮತ್ತು ತಿಳಿಸಾರು. ಪಲ್ಯ, ಕಾಳು, ಮೊಸರು, ಮೊಟ್ಟೆ ಮೊದಲೇ ಮುಗಿದಿರುತ್ತವೆ. ಯಾರಿಗೆ ಸತ್ವದ ಅಗತ್ಯ ಅತಿ ಹೆಚ್ಚೋ ಅವಳ ಪಾಲಿಗೆ ಸತ್ವ ಅತಿ ಕಡಿಮೆ. ಈ ಪದ್ಧತಿಯನ್ನು ಬದಲಿಸಲು ಯಾವ ಬಜೆಟ್ಟೂ ಬೇಕಾಗಿಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಒಟ್ಟಿಗೆ ಆಗದಿದ್ದರೆ ಅವಳ ಪಾಲಿನ ಪಲ್ಯ, ಕಾಳು, ಮೊಸರನ್ನು ಮೊದಲೇ ಎತ್ತಿಟ್ಟು ಆಮೇಲೆ ಬಡಿಸಿ. ಮದುವೆಯಾಗುವ ವಯಸ್ಸಿನ ಹೆಣ್ಣುಮಗಳಿಗೂ ಇದೇ ನಿಯಮ ಇರಲಿ. ಯಾಕೆಂದರೆ ಮಗುವಿನ ಪೋಷಣೆ ಬಸುರಿಗಿಂತ ಮುಂಚೆಯೇ ಆರಂಭವಾಗುತ್ತದೆ.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಶಿಕ್ಷಕರು, ಕೆಲವರು ಅಧಿಕಾರಿಗಳು. ಎಲ್ಲರೂ ಒಂದು ಮನೆಯ ಸದಸ್ಯರು. ಇಂದು ರಾತ್ರಿಯ ಊಟಕ್ಕೆ ಕೂತಾಗ ನಿಮ್ಮ ತಟ್ಟೆಯ ಜೊತೆಗೆ ನಿಮ್ಮ ಅಮ್ಮನ, ಅಕ್ಕನ, ಹೆಂಡತಿಯ ತಟ್ಟೆಯನ್ನೂ ನೋಡಿ. ಅದರಲ್ಲಿ ಸೊಪ್ಪಿದೆಯೇ, ಕಾಳಿದೆಯೇ, ಮೊಸರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ನೀವೇ ಬಡಿಸಿ. 2075ರ ಕನ್ನಡಿಗರ ಹೃದಯ, ಮೂಳೆ, ಬುದ್ಧಿಗಳ ಆರೋಗ್ಯ ಆ ತಟ್ಟೆಯಲ್ಲಿ ಇಂದೇ ನಿರ್ಧಾರವಾಗುತ್ತಿದೆ.